ರಾಗಿ ಕಣದಲ್ಲಿ ನೆಟ್ಟ ಸಸಿಗಳು

ಬಿಳಿಗೆರೆ
೧೫ ಜೂನ್ ೧೯೮೧, ಸೋಮವಾರ

ನನ್ನ ಸೊಸೆ ಹಾಲಮ್ಮನಿಗೆ, ನಿನ್ನ ಅತ್ತೆ ಹರಸಿ ಬರೆಯುವುದು.

ನಿಮ್ಮ ತಾಯಿಯ ಸೊಂಟ ಈಗ ಹೇಗಿದೆ? ಎದ್ದು ಕೂರುವಂತಾಗಿದ್ದಾರೆಯೇ, ಇಲ್ಲ ಇನ್ನೂ ಮಲಗಿದಲ್ಲೇ ಎಲ್ಲವೂ ನಡೆಯಬೇಕೇ? ಆಗಾಗ ಮಗ್ಗುಲು ಬದಲಿಸುತ್ತಿರು. ಬೆನ್ನು ಹುಣ್ಣಾದರೆ ಮೂಳೆಯ ನೋವಿಗಿಂತ ಅದೇ ಹೆಚ್ಚಾಗುತ್ತದೆ. ನಮ್ಮ ಗಾಣದ ಎಣ್ಣೆ ಒಂದು ಸೀಸೆ ಕಳಿಸುತ್ತೇನೆ, ನಿಮ್ಮ ದಬ್ಬೇಘಟ್ಟದ ಕಡೆ ಹೋಗುವವರು ಯಾರಾದರೂ ಸಿಗಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ರೋಗಿಯ ಸೇವೆ ಮಾಡುವವರು ತಮ್ಮ ಹೊಟ್ಟೆ ಮರೆಯುತ್ತಾರೆ. ನೀನಂತೂ ಒಂದು ಮುದ್ದೆ ಉಂಡು ಎರಡು ಉಂಡೆನೆಂದು ಹೇಳುವ ಪೈಕಿ. ನನಗೆ ಗೊತ್ತಿಲ್ಲವೆಂದು ತಿಳಿಯಬೇಡ.

ಈ ಕಾಗದವನ್ನು ಬಿಡಿಬಿಡಿಯಾಗಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನಿನ್ನ ತಮ್ಮನ ಕೈಗೆ ಕೊಟ್ಟು ಓದಿಸಬೇಡ, ನೀನೇ ಓದು. ಒಂದೇ ಸಲಕ್ಕೆ ಆಗದಿದ್ದರೆ ದಿನಕ್ಕೊಂದು ಹಾಳೆ ಓದು. ಒತ್ತಕ್ಷರ ಬಂದಲ್ಲಿ ಹೆದರಿ ಬಿಟ್ಟುಬಿಡಬೇಡ, ಮೇಷ್ಟ್ರು ಹೇಳಿಕೊಟ್ಟ ಹಾಗೆ ಮೇಲಿನದನ್ನು ಮೊದಲು ಹಿಡಿ, ಕೆಳಗಿನದು ತಾನೇ ಬರುತ್ತದೆ. ನೀನು ನಮ್ಮ ಮನೆಗೆ ಬಂದು ಹದಿನೈದು ವರ್ಷವಾದರೂ ನಾನು ನಿನಗೆ ಕಾಗದ ಬರೆದದ್ದಿಲ್ಲ. ಹಿಂದೆಲ್ಲ ನೀನು ತವರಿಗೆ ಹೋದಾಗ ನಿಮ್ಮ ತಂದೆಗೆ ಎರಡು ಸಾಲು ಗೀಚಿ ಕಳಿಸುತ್ತಿದ್ದೆ.

ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ಕೆಂದ ಹಸು ಕರು ಹಾಕಿತು, ಹೆಣ್ಣುಗರು, ಹಣೆಯ ಮೇಲೆ ಬಿಳಿ ಚುಕ್ಕೆ. ಅಟ್ಟದ ಮೇಲಿನ ಕಾಯಿ ಒಣಗುತ್ತಿದೆ, ಅಲ್ಲಾಡಿಸಿದರೆ ಒಳಗೆ ಒಣಗಿದ ಕೊಬ್ಬರಿ ಗಿಟಕು ಉರುಳುವ ಸದ್ದು ಬರುತ್ತದೆ. ಶ್ರಾವಣಕ್ಕೆ ಮೊದಲು ಒಡೆಸಬಹುದು. ಮಳೆ ಎರಡು ಸಲ ಹದವಾಗಿ ಬಂತು. ಹದವಾಗಿ ಬಂದದ್ದೇ ತೊಂದರೆಯಾಯಿತು ಎಂದರೆ ನಿನಗೆ ಆಶ್ಚರ್ಯವಾದೀತು. ಅದನ್ನು ಹೇಳುವುದಕ್ಕೇ ಈ ಕಾಗದ. ಆದರೆ ಗೊತ್ತಿರುವ ಸಂಗತಿಯಾದರೆ ಓದುವುದು ಹಗುರ, ಹೊಸಬರಿಗೆ ಹಾಗೆಯೇ ಓದಿಸಬೇಕೆಂದು ಮೇಷ್ಟ್ರೇ ಹೇಳುತ್ತಿದ್ದರು. ಅದಕ್ಕೇ ಮೊದಲು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ.

ಮಿಡ್ಲ್ ಸ್ಕೂಲಿನ ಡ್ರಿಲ್ ಮೇಷ್ಟ್ರು ಮರುಳಸಿದ್ದಯ್ಯನವರು ವಯಸ್ಕರ ಶಿಕ್ಷಣವೆಂದು ಸ್ಲೇಟು, ಲಾಟೀನು ತಂದಿಟ್ಟುಕೊಂಡು ಕಾದರಲ್ಲ, ಒಬ್ಬ ಹೆಂಗಸೂ ಹೋಗಲಿಲ್ಲ. ದಿನವಿಡೀ ಕೊಬ್ಬರಿ ಒಡೆದು ಕೈ ಬಾತವರು ಬಳಪ ಹಿಡಿಯಲು ಯಾಕೆ ಹೋಗುತ್ತಾರೆ? ಲಾಟೀನಿಗೆ ಹುಳ ಮುತ್ತಿದ್ದೇ ಬಂತು. ಆಮೇಲೆ ಅವರು ನಮ್ಮ ಮನೆಗೆ ಬಂದು ಕಣ ಕೇಳಿದರು. ನಿಮ್ಮ ಮಾವನ ಕಾಲಕ್ಕೆ ಆ ಕಣದಲ್ಲಿ ರಾಗಿ ಒಕ್ಕುತ್ತಿದ್ದರು. ರಾಗಿ ಹೊಲವೆಲ್ಲ ತೆಂಗಿನ ತೋಟವಾದ ಮೇಲೆ ಕಣಕ್ಕೆ ಕೆಲಸವಿರಲಿಲ್ಲ, ಒಕ್ಕಣೆಯ ಕಲ್ಲುಗುಂಡು ಮೂಲೆಯಲ್ಲಿ ಬಿದ್ದಿತ್ತು. ಹೆಣ್ಣುಮಕ್ಕಳ ಖೋಖೋ ಆಟಕ್ಕೆ ಎಂದರು, ಕೊಟ್ಟೆ. ಅವರ ಷರತ್ತು ಒಂದೇ ಆಗಿತ್ತು. ಹಗಲು ತರಗತಿಯಲ್ಲಿ ಕೂರದ ಹುಡುಗಿ ಸಂಜೆ ಕಣಕ್ಕೆ ಕಾಲಿಡುವಂತಿಲ್ಲ. ನಿನ್ನ ಮಗಳು ಗಿರಿಜಾಂಬಿಕಾ ಆರನೇ ಕ್ಲಾಸಿನಲ್ಲಿ ಫೇಲಾಗಿ, ಸ್ಕೂಲಿನ ಗಂಟೆ ಹೊಡೆದರೆ ಅಟ್ಟ ಹತ್ತಿ ಕಾಯಿ ರಾಶಿಯ ಹಿಂದೆ ಅಡಗುತ್ತಿದ್ದವಳು. ನೀನೂ ನಾನೂ ಏಣಿಯ ಬುಡದಲ್ಲಿ ನಿಂತು ಕೂಗಿ ಸಾಕಾಗುತ್ತಿದ್ದೆವು. ಖೋಖೋ ಶುರುವಾದ ಮೇಲೆ ಅವಳೇ ತಲೆ ಬಾಚಿಸಿಕೊಂಡು ಗಂಟೆಗೆ ಮುಂಚೆ ಹೊರಡತೊಡಗಿದಳು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದಳು.

ಮಕ್ಕಳನ್ನು ಮನೆಗೆ ಎಳೆದೊಯ್ಯಲು ಬಂದ ತಾಯಂದಿರು ಕಣದ ಅಂಚಿನಲ್ಲಿ ನಿಂತು ನೋಡುತ್ತಾ ಉಳಿದರು. ಒಂದು ಸಂಜೆ ಹುಡುಗರ ಚೆಂಡೊಂದು ನಮ್ಮಲ್ಲಿ ಕೊಬ್ಬರಿ ಒಡೆಯುವ ಭೈರಮ್ಮನ ಕಾಲ ಬಳಿ ಬಿತ್ತು. ಅವಳು ಅದನ್ನೆತ್ತಿ ಬೀಸಿದ ರಭಸಕ್ಕೆ ಅದು ನಮ್ಮ ಕೊಬ್ಬರಿ ಮನೆಯ ಹೆಂಚು ದಾಟಿ ಹೋಯಿತಲ್ಲ, ಆವತ್ತು ನೀನು ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ನನಗೆ ನೆನಪಿದೆ. ಮೇಷ್ಟ್ರು ಮರುವಾರವೇ ತೆಂಗಿನ ನಾರಿನ ಹಗ್ಗ ಕಟ್ಟಿ, ಅದಕ್ಕೆ ಗೋಣಿತಾಟು ಇಳಿಬಿಟ್ಟು, ತ್ರೋಬಾಲ್ ಎಂದರು. ಗೋಡೆಗೆ ಒಂದು ಕರಿಹಲಗೆ ಒರಗಿಸಿದರು. ಅದರ ಮೇಲೆ ತನ್ನ ಹೆಸರು ತಾನೇ ಬರೆದವಳಿಗೆ ಮಾತ್ರ ಚೆಂಡು. ಅವಳ ಜೊತೆ ಕೆಲಸಕ್ಕೆ ಬರುವ ಓಬಮ್ಮ ಸುಮ್ಮನಿರುತ್ತಾಳೆಯೇ? “ಹೆಸ್ರು ಬರ್ದ್ರೆ ಚೆಂಡು ಇನ್ನೂ ಎತ್ರುಕ್ಕೆ ಹೋಯ್ತದಾ ಮೇಷ್ಟ್ರೇ?” ಎಂದಳು. ಅವರೂ ಬಿಡಲಿಲ್ಲ. “ಎತ್ರುಕ್ಕೇನೂ ಹೋಗಕಿಲ್ಲ ಕಣವ್ವ. ಬರೀದಿದ್ರೆ ನಿನ್ ಕೈಗೆ ಬರಾಕೇ ಇಲ್ಲ.” ಹಾಗೆ ಶುರುವಾಯಿತು. ಮೊದಲು ತಮ್ಮ ಹೆಸರು, ಆಮೇಲೆ ಎದುರು ತಂಡದವರ ಹೆಸರು, ಆಮೇಲೆ ಪಾಯಿಂಟು. ಸೋತ ತಂಡ ಯಾಕೆ ಸೋತೆವೆಂದು ಒಂದು ಸಾಲು ಬರೆಯಬೇಕು. ಓಬಮ್ಮ ಬರೆದಳಲ್ಲ, ‘ಭೈರಮ್ಮ ಜಾಸ್ತಿ ಉಂಡಿದ್ದಳು’ ಎಂದು. ಅಕ್ಷರ ಸೊಟ್ಟಗಿತ್ತು, ಮಾತು ನೆಟ್ಟಗೇ ಇತ್ತು.

ಗೆರೆ ನೋಡಲು ಯಾರ ಪರವೂ ಇಲ್ಲದವರೊಬ್ಬರು ಬೇಕೆಂದು ಮೇಷ್ಟ್ರು ನನ್ನನ್ನು ಕೇಳಿದರು. ನಮ್ಮ ಮನೆ ಕೆಲಸಕ್ಕೆ ಬರುವವರ ನಡುವೆ ಹೋಗಿ ಕೂರುವುದೇ ಎಂದು ಮೊದಲು ನನಗೇ ಅನ್ನಿಸಿತು. ಆದರೆ ಊರಿನಲ್ಲಿ ನನ್ನ ವಯಸ್ಸಿನವರಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಹೆಂಗಸು ನಾನೊಬ್ಬಳೇ. ನ್ಯಾಯ ಕೇಳಿ ಬಂದರೆ ಇಲ್ಲವೆನ್ನಲು ಬರುತ್ತದೆಯೇ? ಕಲ್ಲುಗುಂಡಿನ ಮೇಲೆ ಕೂತೆ. ನೀನು ಕಂಬದ ಹಿಂದೆ ನಿಂತು ಎಷ್ಟೋ ದಿನ ನೋಡಿ, ಕೊನೆಗೊಂದು ದಿನ “ಅತ್ತೆ, ನಾನೂ?” ಎಂದೆ. ನಾನು ಏನೂ ಹೇಳಲಿಲ್ಲ. ನಾನು ಸುಮ್ಮನಿದ್ದರೆ ಒಪ್ಪಿಗೆಯೆಂದು ನಿನಗೆ ಗೊತ್ತು. ಮೊದಲ ದಿನವೇ ನಿನ್ನ ಚೆಂಡು ಗೆರೆಯಿಂದ ಹೊರಗೆ ಬಿತ್ತೆಂದು ನಾನು ಹೇಳಿದ್ದಕ್ಕೆ ನೀನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅದು ಹೊರಗೇ ಬಿದ್ದಿತ್ತು, ಹಾಲಮ್ಮ. ಈಗಲೂ ಹಾಗೆಯೇ ಹೇಳುತ್ತೇನೆ.

ಇಷ್ಟು ಓದಿದ್ದರೆ ಸ್ವಲ್ಪ ನೀರು ಕುಡಿದು ಮುಂದೆ ಓದು. ಇಲ್ಲಿಂದಾಚೆ ನಿನಗೆ ಗೊತ್ತಿಲ್ಲದ್ದು.

ನೀನು ಹೋದ ಮೇಲೆ ಒಂದು ದಿನ ನಿನ್ನ ಗಂಡ ಏಕಾಂತ ತಿಪಟೂರಿನ ಕೊಬ್ಬರಿ ಮಂಡಿಯಿಂದ ಬಂದು ಅರ್ಧ ಊಟಕ್ಕೇ ಎದ್ದು ಮಲಗಿದ. ಕಾರಣ ನನಗೆ ಆಮೇಲೆ ಆಳು ಸಣ್ಣತಿಮ್ಮಯ್ಯ ಹೇಳಿದ. ಮಂಡಿಯಲ್ಲಿ ಯಾರೋ ನಾಲ್ಕು ಜನರ ಮುಂದೆ, “ಏನ್ ಏಕಾಂತಯ್ಯನೋರೇ, ನಿಮ್ ಕಣದಾಗೆ ಈಗ ರಾಗಿ ಬದ್ಲು ಮನೆ ಸೊಸೇರು ಕುಣೀತಾರಂತೆ” ಎಂದು ನಕ್ಕರಂತೆ. ನನ್ನ ಮಗ ಕೆಟ್ಟವನಲ್ಲ. ಆದರೆ ಹೊರಗಿನವರು ನಕ್ಕರೆ ಅವನಿಗೆ ಅನ್ನ ಸೇರುವುದಿಲ್ಲ. ಅವನ ಅಪ್ಪನೂ ಹಾಗೇ ಇದ್ದರು.

ಮಳೆ ಹದವಾದ ಮಾರನೆಯ ಬೆಳಿಗ್ಗೆ ನನ್ನ ಬಳಿ ಬಂದು, “ಅವ್ವ, ಕಣದ ಈಶಾನ್ಯ ಮೂಲೇಗೆ ಒಂದು ಸಸಿ ಹಾಕ್ಬುಡವ್ವ. ನಿನ್ ಕೈಗುಣ, ಬೇಗ ಫಲ ಬತ್ತದೆ” ಎಂದ. ನಾನು ನೆಟ್ಟ ಮರ ಬೇರೆಯವರು ನೆಟ್ಟದ್ದಕ್ಕಿಂತ ಮೊದಲು ಹೊಂಬಾಳೆ ಒಡೆಯುತ್ತದೆಂದು ಊರೇ ಹೇಳುತ್ತದೆ. ಬೇರೆ ಮನೆಯವರೂ ಮೊದಲ ಸಸಿಗೆ ನನ್ನನ್ನು ಕರೆಯುತ್ತಾರೆ. ಒಂದು ಮೂಲೆಗೆ ಒಂದು ಸಸಿ, ಆಟಕ್ಕೇನು ಅಡ್ಡಿ, ನಾಳೆ ಹೆಂಗಸರಿಗೆ ನೆರಳೇ ಆಯಿತು ಎಂದುಕೊಂಡೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಗುಂಡಿಗೆ ಹಾಲೆರೆದು ಸಸಿ ಇಟ್ಟು ಮಣ್ಣು ತುಳಿದು ಬಂದೆ. ಬೇರೆ ಮನೆಯವರು ಕರೆದಿದ್ದರೆ ಕೇಳುತ್ತಿದ್ದೆನೇನೋ, ಮಿಕ್ಕ ಸಸಿ ಎಲ್ಲಪ್ಪಾ ಎಂದು. ಮಗ ಕೈಗುಣ ಎಂದ ಕೂಡಲೇ ನಾನು ಎದ್ದು ಹೊರಟೆ. ಮೊದಲ ಸಸಿ ಹಿರಿಯರು ನೆಟ್ಟರೆ ಅಲ್ಲಿಂದ ಹಗ್ಗ ಹಿಡಿದು ಇಡೀ ತೋಟದ ಸಾಲು ಎಳೆಯುವುದು ನಮ್ಮ ಪದ್ಧತಿ. ಇದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ನಾನು ಬೆನ್ನು ತಿರುಗಿಸಿದ ಮೇಲೆ ಏಕಾಂತ ಸಣ್ಣತಿಮ್ಮಯ್ಯನ ಕೈಯಲ್ಲಿ ಹಗ್ಗ ಹಿಡಿಸಿದ. ಅದೇ ಹಗ್ಗ, ನೀವು ಆಟದ ಗೆರೆಗೆ ಬೂದಿ ಎಳೆಯುತ್ತಿದ್ದದ್ದು. ಮರುದಿನ ಸಂಜೆ ಹೆಂಗಸರು ಬರುವ ಹೊತ್ತಿಗೆ ಕಣದ ಉದ್ದಕ್ಕೂ ಗುಂಡಿ, ಗುಂಡಿಗೊಂದು ಸಸಿ, ಸುತ್ತಲೂ ಮುಳ್ಳಿನ ಬೇಲಿ. ಕರಿಹಲಗೆಯನ್ನು ಯಾರೋ ಮರ್ಯಾದೆಯಿಂದ ನಮ್ಮ ಜಗಲಿಗೆ ತಂದು ಇಟ್ಟಿದ್ದರು.

ನಾನು ಏಕಾಂತನನ್ನು ಕೂರಿಸಿ ಕೇಳಿದೆ. ಅವನು ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು, ನಾನೂ ಎತ್ತುತ್ತಿದ್ದೆ. “ಬೀಳು ಬಿಟ್ರೆ ನಾಳೆ ಸ್ಕೂಲಿಂದೇ ಜಾಗ ಅಂತಾರೆ ಕಣವ್ವ. ಅದೂ ಅಲ್ದೆ ನೀನೇ ನೆಟ್ಟಿದ್ದೀಯ” ಎಂದ. ಆಮೇಲೆ ಅವನು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. “ಇಷ್ಟು ದಿನ ಆಡಿ ಏನ್ ಕಲ್ತ್ರವ್ವ? ಒಂದ್ ಮಾತ್ನಾಗೆ ಹೇಳು, ಕೇಳ್ತೀನಿ.” ನಾನು ಭೈರಮ್ಮ ತಾನೇ ಬೋರ್ಡು ಓದಿ ತುರುವೇಕೆರೆ ಬಸ್ಸು ಹತ್ತಿದ್ದನ್ನು ಹೇಳಿದೆ. “ಕಂಡಕ್ಟ್ರು ಕೂಗ್ತಾನಲ್ಲ, ಅದುಕ್ಕೆ ಓದ್ಬೇಕಾ?” ಎಂದ. ಓಬಮ್ಮ ಬರೆಯುತ್ತಾಳೆ ಎಂದೆ. “ಬರ್ದು ಏನ್ ಮಾಡ್ತಾಳೆ?” ಎಂದ. ನಾನು ಹೈಸ್ಕೂಲು ಓದಿದವಳು, ಪಂಚಾಯ್ತಿಯಲ್ಲಿ ಮಾತಾಡಿ ಗೆದ್ದವಳು, ನನ್ನ ಮಗನ ಮುಂದೆ ಬಾಯಿ ಕಟ್ಟಿಹೋಗಿ ಕೂತೆ. ಕಣ್ಣಿಂದ ನೋಡಿದ್ದು ಎಷ್ಟೋ ಇತ್ತು, ಒಂದು ಮಾತಿನಲ್ಲಿ ಹಿಡಿಸಲಿಲ್ಲ.

ಕಿತ್ತು ಹಾಕಿಸಬಹುದಿತ್ತಲ್ಲ ಎಂದು ನೀನು ಕೇಳುವುದಿಲ್ಲ, ನೀನೂ ತೆಂಗಿನ ಸೀಮೆಯವಳೇ. ನೆಟ್ಟ ತೆಂಗನ್ನು ಯಾವ ಕೈ ಕೀಳುತ್ತದೆ? ನಿಮ್ಮ ಮಾವನವರ ತಂದೆ ಹಿತ್ತಲ ಗೋಡೆ ಕಟ್ಟಿಸುವಾಗ ಒಂದು ಮರ ಅಡ್ಡ ಬಂತೆಂದು ಗೋಡೆಯನ್ನೇ ಸೊಟ್ಟ ಮಾಡಿದರು. ದಿನವೂ ಆ ಸೊಟ್ಟ ಗೋಡೆಯ ಪಕ್ಕ ಹಾದೇ ನೀನು ನೀರು ತಂದಿದ್ದೀಯ. ತೆಂಗು ಮನೆ ಮಗನಿದ್ದ ಹಾಗೆ ಎಂದು ಏಕಾಂತನಿಗೆ ಹೇಳಿ ಬೆಳೆಸಿದವಳು ನಾನೇ. ಈಗ ಅವನು ಆ ಮಾತನ್ನು ಆಡಲೂ ಬೇಕಿಲ್ಲ, ಸುಮ್ಮನೆ ನಿಂತರೆ ಸಾಕು.

ಹೋದ ಗುರುವಾರ ಓಬಮ್ಮನ ಮೇಕೆ ಬೇಲಿಯ ಸಂದಿಯಲ್ಲಿ ನುಗ್ಗಿತು. ಕೊಬ್ಬರಿ ಮನೆಯ ಮುಂದೆ ಕೂತಿದ್ದ ಹೆಂಗಸರೆಲ್ಲ ನೋಡಿದರು, ಒಬ್ಬಳೂ ಎದ್ದು ಹಚ್ಚಾ ಅನ್ನಲಿಲ್ಲ. ನಾನು ಜಗಲಿಯಿಂದ ನೋಡಿದೆ. ಮೇಕೆ ನೇರವಾಗಿ ನಾನು ನೆಟ್ಟ ಸಸಿಯ ಬಳಿಗೇ ಹೋಯಿತು. ಓಬಮ್ಮ ನನ್ನ ಕಡೆ ತಿರುಗಿ, ಮೆಲ್ಲಗೆ, “ಬುಡ್ರವ್ವಾರೇ, ಅದ್ರ ಪಾಡಿಗದು ಮೇಯ್ಲಿ. ನಾವೂ ಕಂಡಿಲ್ಲ, ನೀವೂ ಕಂಡಿಲ್ಲ” ಎಂದಳು. ನಾನು ಸುಮ್ಮನಿದ್ದೆ. ಅವರೂ ಒಪ್ಪಿಗೆಯೆಂದೇ ತಿಳಿದರು. ಮೇಕೆ ಸಸಿಯ ಸುಳಿಗೆ ಬಾಯಿ ಇಟ್ಟಿತು ನೋಡು, ನನ್ನ ಕೈ ನನ್ನ ಮಾತು ಕೇಳಲಿಲ್ಲ. ಮಂಡಿ ನೋವನ್ನೂ ಮರೆತು ಕೋಲು ಹಿಡಿದು ಓಡಿದೆ, ಮೇಕೆಗೆ ಬಾರಿಸಿದೆ, ಬೇಲಿಯ ಮುಳ್ಳನ್ನು ನಾನೇ ಸರಿಮಾಡಿದೆ. ತಿರುಗಿ ನೋಡಿದರೆ ಹೆಂಗಸರು ತಲೆ ತಗ್ಗಿಸಿ ಕೊಬ್ಬರಿ ಒಡೆಯುತ್ತಿದ್ದರು. ಓಬಮ್ಮ ಮೇಕೆಯ ಹಗ್ಗ ಹಿಡಿದು ಹೊರಟವಳು, “ನಿಮ್ ಕೈಗುಣ ದೊಡ್ಡದು ಕಣ್ರವ್ವ” ಎಂದು ಹೇಳಿಹೋದಳು. ಆ ಮಾತು ಸರಿಯಾಗಿಯೇ ತಾಗಿತು. ಆವತ್ತಿನಿಂದ ಆ ಸಸಿಗೆ ನೀರು ಹಾಕುವುದೂ ನನ್ನ ಪಾಲಿಗೆ ಬಂದಿದೆ. ಮಳೆ ಬಾರದ ದಿನ ಬಿಂದಿಗೆ ಹಿಡಿದು ಹೋಗುತ್ತೇನೆ. ಬೈದುಕೊಂಡೇ ಹಾಕುತ್ತೇನೆ, ಆದರೂ ಹಾಕುತ್ತೇನೆ.

ಮೇಷ್ಟ್ರು ಬಂದಿದ್ದರು. ಏಕಾಂತನ ಮೇಲೆ ಒಂದು ಮಾತು ಆಡಲಿಲ್ಲ. ಸ್ಕೂಲಿನ ಅಂಗಳದಲ್ಲಿ ಆಡಿಸಿ ನೋಡಿದರಂತೆ, ಅಲ್ಲಿ ಹುಣಸೆ ಬೇರು ಮೇಲೆದ್ದಿವೆ, ಒಬ್ಬ ಹುಡುಗಿಯ ಮೊಣಕಾಲು ಒಡೆಯಿತು. ಕೆರೆಯಂಗಳ ಈಗ ಕೆಸರು. “ಬೇರೆ ಎಲ್ಲಾದ್ರೂ ಸಪಾಟು ಜಾಗ ಇದ್ರೆ ಹೇಳಿ ತಾಯಿ” ಎಂದರು. ನಾನು ಕೂತು ಯೋಚಿಸಿದೆ. ಊರಿನ ಸುತ್ತ ಎಲ್ಲಿ ನೋಡಿದರೂ ತೋಟ, ತೋಟ ಬಿಟ್ಟರೆ ತೋಟಕ್ಕೆ ಹೋಗುವ ದಾರಿ. ಆಕಾಶ ನೋಡಬೇಕಾದರೂ ಗರಿಗಳ ಸಂದಿಯಲ್ಲಿ ನೋಡಬೇಕು. ಇಷ್ಟು ಸಮೃದ್ಧಿಯಿರುವ ಊರಿನಲ್ಲಿ ಹೆಣ್ಣುಮಕ್ಕಳು ಓಡುವುದಕ್ಕೆ ಒಂದು ಕಣದಷ್ಟು ಜಾಗ ನನ್ನ ಕೈಯಲ್ಲಿ ತೋರಿಸಲಾಗಲಿಲ್ಲ. ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಇನ್ನು ಗಿರಿಜಳ ವಿಷಯ. ಭೈರಮ್ಮನ ಮಗಳು, ಓಬಮ್ಮನ ಮಗಳು, ನಮ್ಮ ಗಿರಿಜ, ಮೂವರೂ ಜೊತೆಯಾಗಿ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಹೈಸ್ಕೂಲು ಓದುವುದೆಂದು ಮಾತಾಗಿತ್ತಲ್ಲ. ಮೇಷ್ಟ್ರು ಅಲ್ಲಿಯ ಡ್ರಿಲ್ ಮೇಷ್ಟ್ರಿಗೆ ಹೇಳಿಯೂ ಇಟ್ಟಿದ್ದರು. ಜೊತೆಯಾಗಿ ಆಡುವವರು ಜೊತೆಯಾಗಿ ಹೋಗಿಬರುತ್ತಾರೆ ಎಂಬ ಒಂದೇ ಧೈರ್ಯಕ್ಕೆ ಆ ತಾಯಂದಿರು ಹೂಂ ಎಂದಿದ್ದರು. ಆಟ ನಿಂತಿತು, ಹುಡುಗಿಯರು ಸಂಜೆ ಸೇರುವುದು ನಿಂತಿತು. ಭೈರಮ್ಮನ ಮಗಳು ಈಗ ತಾಯಿಯ ಪಕ್ಕ ಕೂತು ಚಿಪ್ಪು ಒಡೆಯುತ್ತಿದ್ದಾಳೆ. ಓಬಮ್ಮನ ಮಗಳನ್ನು ಕಿಬ್ಬನಹಳ್ಳಿಯಲ್ಲಿರುವ ಅಕ್ಕನ ಮಗು ನೋಡಿಕೊಳ್ಳಲು ಕಳಿಸಿದ್ದಾರೆ. ಉಳಿದವಳು ನಮ್ಮವಳೊಬ್ಬಳು. “ಒಬ್ಳೇ ಹೆಣ್ಮಗೀನ ಬಸ್ನಾಗೆ ಕಳ್ಸಾಕಿಲ್ಲ. ಏಳನೇ ಕ್ಲಾಸು ಸಾಕು ಬುಡವ್ವ” ಎಂದುಬಿಟ್ಟ ಏಕಾಂತ. ಗಿರಿಜ ಅಳಲಿಲ್ಲ. ಎದ್ದು ಅಟ್ಟ ಹತ್ತಿದಳು. ಈಗ ದಿನವೂ ಬೆಳಿಗ್ಗೆ ಸ್ಕೂಲಿನ ಗಂಟೆ ಕೇಳಿದರೆ ಅಟ್ಟ ಹತ್ತುತ್ತಾಳೆ, ಒಂದೊಂದೇ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾ ಕೂರುತ್ತಾಳೆ. ನನ್ನ ಮಂಡಿ ಏಣಿ ಹತ್ತಲು ಬಿಡುವುದಿಲ್ಲ. ಬುಡದಲ್ಲಿ ನಿಂತು ಕೂಗುತ್ತೇನೆ. “ಬತ್ತೀನಿ ಹೋಗಜ್ಜಿ” ಅನ್ನುತ್ತಾಳೆ, ಬರುವುದಿಲ್ಲ. ಹಿಂದೆ ನಾವು ಇಬ್ಬರಿದ್ದೆವು ಕೂಗುವುದಕ್ಕೆ.

ಬರೆದು ಬರೆದು ಬೆರಳು ನೋಯುತ್ತಿದೆ. ಇದನ್ನೆಲ್ಲ ನಿನಗೆ ಹೇಳಿ ನಿನ್ನ ಕಷ್ಟದ ಮೇಲೆ ಕಷ್ಟ ಹೇರಿದೆನೇನೋ. ಆದರೆ ಈ ಮನೆಯಲ್ಲಿ ಇನ್ನು ಯಾರಿಗೆ ಹೇಳಲಿ? ನಿಮ್ಮ ತಾಯಿಗೆ ನಾನು ಕೇಳಿದೆನೆಂದು ಹೇಳು, ಅವಸರ ಮಾಡಿ ನೆಲಕ್ಕೆ ಕಾಲೂರಬೇಡಿ ಎನ್ನು. ನಿನ್ನ ತಮ್ಮನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ನೀನು ಸುಖವಾಗಿರು, ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಂಬಿದ ದೇವರು ನಿನ್ನ ಬೆನ್ನಿಗಿರಲಿ.

ಇಂತು,
ನಿನ್ನ ಅತ್ತೆ
ಶಿವರುದ್ರಮ್ಮ

ಮರೆತ ಮಾತು: ಮುಖ್ಯವಾದದ್ದೇ ಉಳಿದುಹೋಯಿತು. ಸಣ್ಣತಿಮ್ಮಯ್ಯ ತಿಪಟೂರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಇದನ್ನು ಟಪಾಲಿಗೆ ಹಾಕಬೇಕು. ಲಕೋಟೆಯೊಳಗೆ ಒಂದು ಖಾಲಿ ಇನ್‌ಲ್ಯಾಂಡ್ ಇಟ್ಟಿದ್ದೇನೆ, ನೋಡಿದೆಯಾ? ಅದು ನನಗೆ ಉತ್ತರ ಬರೆಯಲು ಅಲ್ಲ. ಏಕಾಂತನಿಗೆ ಬರಿ. ನೀನು ಹೆಸರು ಬರೆಯಲು ಕಲಿತೆ ಎಂಬುದಷ್ಟೇ ಅವನಿಗೆ ಗೊತ್ತು, ಕಾಗದ ಬರೆಯಬಲ್ಲೆ ಎಂದು ಗೊತ್ತಿಲ್ಲ. ಅವನು ಕೇಳಿದ್ದಕ್ಕೆ ನನ್ನ ಬಳಿ ಒಂದು ಮಾತಿನ ಉತ್ತರ ಇರಲಿಲ್ಲ, ನಿನ್ನ ಬಳಿ ಇದೆ. ಸಸಿಯ ಮಾತು ಬೇಡ, ಅದು ಮುಗಿಯಿತು. ಗಿರಿಜಳ ಮಾತು ಬರಿ. ಹೈಸ್ಕೂಲಿಗೆ ಸೇರಿಸಿಕೊಳ್ಳುವುದು ಈ ತಿಂಗಳ ಕೊನೆಯವರೆಗೆ ಮಾತ್ರ. ಏನು ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ. ತಪ್ಪಾದರೆ ತಪ್ಪೇ ಇರಲಿ, ಯಾರ ಕೈಯಲ್ಲೂ ತಿದ್ದಿಸಬೇಡ. ಅವನು ಓದಿ ಸುಮ್ಮನೆ ಮಡಿಸಿಟ್ಟರೆ ಆಮೇಲೆ ನಾನೇನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಇನ್‌ಲ್ಯಾಂಡಿನ ಹೊರಗೆ ವಿಳಾಸವನ್ನು ನಾನು ಬೇಕೆಂದೇ ಬರೆದಿಲ್ಲ. ಅದೂ ನಿನ್ನ ಕೈಯದೇ ಆಗಿರಲಿ. ಟಪಾಲಿನವನ ಕೈಯಿಂದ ಇಸಕೊಂಡಾಗ ಏಕಾಂತ ಮೊದಲು ನೋಡುವುದು ಅದನ್ನೇ.